ಅಣಬಾಯುರ್ವೇದ

ಈಚೆಗೆ ಯಾವ ತಿನಿಸೂ ಬರಿಗೈಯಲ್ಲಿ ಬಾಯಿಗೆ ಬರುವುದಿಲ್ಲ. ರಾಗಿ ಬಂದರೆ ಕ್ಯಾಲ್ಸಿಯಂ ಹೊತ್ತು ಬರುತ್ತದೆ, ನುಗ್ಗೆಸೊಪ್ಪು ಕಬ್ಬಿಣ ಹೊತ್ತು, ಬೈಗೆ ಮೀನು ಒಮೇಗಾ ತ್ರೀ ಹೊತ್ತು. ಹಾಡಿಯ ಮೂಲೆಯಲ್ಲಿ ತನ್ನ ಪಾಡಿಗೆ ಎದ್ದು ತನ್ನ ಪಾಡಿಗೆ ಕರಗಿಹೋಗುತ್ತಿದ್ದ ಅಣಬೆಯನ್ನೂ ಈಗ ಹಿಡಿದು ತಂದು, ಪ್ರಮಾಣಪತ್ರ ಕೊಟ್ಟು ಕೂರಿಸಿದ್ದಾರೆ. ಬೆಳಿಗ್ಗೆ ಮೊಬೈಲು ತೆರೆದರೆ ಯಾರೋ ವಿಟಮಿನ್ನಿಗರು ಕಳಿಸಿದ ಪಟ್ಟಿ ಕಾದಿರುತ್ತದೆ: ಅಣಬೆ ತಿಂದರೆ ರಕ್ತದೊತ್ತಡ ಇಳಿಯುತ್ತದೆ, ಕೊಬ್ಬು ಕರಗುತ್ತದೆ, ಮೂಳೆ ಗಟ್ಟಿಯಾಗುತ್ತದೆ, ನೆನಪು ಚುರುಕಾಗುತ್ತದೆ. ಕೊನೆಗೆ, ಇದನ್ನು ಹತ್ತು ಜನಕ್ಕೆ ಕಳಿಸಿ ಎಂಬ ಅಪ್ಪಣೆ. ಕಳಿಸೋಣವೆಂದರೆ ನನಗೆ ಹತ್ತು ಜನರ ಹೆಸರು ನೆನಪಾಗುವುದಿಲ್ಲ. ಅಷ್ಟರಮಟ್ಟಿಗೆ ಅಣಬೆಯ ಅಗತ್ಯ ನನಗಿದೆ ಎಂದುಕೊಂಡು ಮೊಬೈಲು ಕೆಳಗಿಡುತ್ತೇನೆ.

ಆದರೆ ಕುಂದಾಪುರದ ಕಡೆಯ ತ್ರಾಸಿಯಲ್ಲಿ ಕೂತು ಯೋಚಿಸುವವನಿಗೆ ಅಣಬೆ ಎಂದಕೂಡಲೇ ವಿಟಮಿನ್ನಿಗಿಂತ ಮೊದಲು ನೆನಪಾಗುವುದು ಪಂಚಾಂಗ. ನಮ್ಮದು ಎರಡು ಮುಖದ ಊರು. 66ನೇ ಹೆದ್ದಾರಿಯ ಪಡುವಣಕ್ಕೆ ಕಡಲು. ಮೂಡಣಕ್ಕೆ ಗದ್ದೆ, ಗೇರು, ಮುರಕಲ್ಲಿನ ದರೆ, ಹಾಡಿ. ತುಸು ಉತ್ತರಕ್ಕೆ ಸರಿದರೆ ಮರವಂತೆಯಲ್ಲಿ ಸೌಪರ್ಣಿಕಾ ಹೊಳೆಯೂ ರಸ್ತೆಯ ಮಗ್ಗುಲಿಗೇ ಬಂದು ನಿಲ್ಲುತ್ತದೆ. ಪ್ರವಾಸಿಗರು ಅಲ್ಲಿ ಕಾರು ನಿಲ್ಲಿಸಿ ಇಳಿಯುತ್ತಾರೆ, ಇಳಿದವರೆಲ್ಲ ಪಡುವಣಕ್ಕೆ ಮುಖ ಮಾಡಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅವರನ್ನು ದೂರಿ ಫಲವಿಲ್ಲ. ವರ್ಷದ ಹತ್ತು ತಿಂಗಳು ನಾವೂ ಪಡುಮುಖಿಗಳೇ. ನಮ್ಮ ಅನ್ನ ನೋಡುವುದು ಆ ಕಡೆಗೆ.

ಜೂನ್ 1 ಬಂತೆಂದರೆ ಯಾಂತ್ರಿಕ ದೋಣಿಗಳಿಗೆ ರಜೆ. ಜುಲೈ 31ರವರೆಗೆ, ಅಂದರೆ 61 ದಿನ, ಗಂಗೊಳ್ಳಿ ಬಂದರಿನಲ್ಲಿ ದೋಣಿಗಳು ಒಂದಕ್ಕೊಂದು ಒರಗಿಕೊಂಡು ಮಳೆಯಲ್ಲಿ ನೆನೆಯುತ್ತವೆ. ಮೀನು ಮೊಟ್ಟೆಯಿಡುವ ಕಾಲ ಎಂದು ಸರ್ಕಾರ ಹೇಳುತ್ತದೆ, ಕಡಲಿಗೆ ಹುಚ್ಚು ಹಿಡಿಯುವ ಕಾಲ ಎಂದು ಊರು ಹೇಳುತ್ತದೆ, ಎರಡೂ ನಿಜ. ನಾಡದೋಣಿಯವರು ಅಲೆಯ ಮರ್ಜಿ ನೋಡಿ ತಂದಷ್ಟು ಮೀನು, ಅದಕ್ಕೆ ಬಾಯಿಗೆ ಬಂದಷ್ಟು ಕ್ರಯ. ಮನೆಯಲ್ಲಿ ಒಣಮೀನಿನ ಡಬ್ಬಿ ಮೇಲಿಂದ ಕೆಳಗಿಳಿಯುತ್ತದೆ. ಹೀಗೆ ಕಡಲು ಬಾಗಿಲು ಹಾಕಿಕೊಂಡ ವಾರದಲ್ಲೇ ಗುಡ್ಡ ತನ್ನ ಬಾಗಿಲು ತೆರೆಯುತ್ತದೆ. ರೋಹಿಣಿ ಮಳೆ ಎರಡು ಸಲ ಗುಡುಗಿ ಸುರಿದು, ಮೃಗಶಿರಾ ಹಿಡಿಯುವಷ್ಟರಲ್ಲಿ, ‘ಅಣಬಿ ಎದ್ದಿತ್ತಂಬ್ರು’ ಎಂಬ ಸುದ್ದಿ ಬೇಲಿಯಿಂದ ಬೇಲಿಗೆ ದಾಟುತ್ತದೆ. ಅಲ್ಲಿಂದ ಮುಂದೆ ನಾವು ಮೂಡುಮುಖಿಗಳು. ಯಾವ ಆಹಾರತಜ್ಞರು ಬರೆದುಕೊಟ್ಟ ವೇಳಾಪಟ್ಟಿಯೂ ಇದಕ್ಕಿಂತ ಚೊಕ್ಕವಾಗಿರಲಾರದು.

ಮೊದಲು ಬರುವವನು ಕಲ್ಲಣಬೆ. ಅಣಬೆ ಎಂದರೆ ಕೊಡೆ ಎಂದುಕೊಂಡವರಿಗೆ ಇವನನ್ನು ತೋರಿಸಿದರೆ ನಂಬುವುದಿಲ್ಲ. ಕೊಡೆಯಿಲ್ಲ, ಕಾಲಿಲ್ಲ, ಗೋಲಿಯಷ್ಟು, ದೊಡ್ಡದೆಂದರೆ ನೆಲ್ಲಿಕಾಯಿಯಷ್ಟು ಗಾತ್ರದ ಒಂದು ಗುಂಡು, ಮೈತುಂಬ ಕೆಂಪು ಮಣ್ಣು. ಕಿರಾಲ್‌ಬೋಗಿಯಂಥ ಮರಗಳ ಬುಡದಲ್ಲಿ, ಜರಿದ ತರಗೆಲೆಯ ಅಡಿಯಲ್ಲಿ, ಅರ್ಧ ನೆಲದೊಳಗೆ ಅರ್ಧ ಹೊರಗೆ ಕೂತಿರುತ್ತಾನೆ. ಅವನ ಎಳೆಗಳು ಮರದ ಬೇರಿಗೆ ಸುತ್ತಿಕೊಂಡು, ಮಣ್ಣಿನ ನೀರು ಲವಣಗಳನ್ನು ಮರಕ್ಕೆ ಹೀರಿಕೊಟ್ಟು, ಬದಲಿಗೆ ಮರದಿಂದ ಸಕ್ಕರೆ ಪಡೆಯುತ್ತವೆ. ಈ ಕೊಡುಕೊಳೆಗೆ ಮರವೇ ಬೇಕಾದ್ದರಿಂದ ಕಲ್ಲಣಬೆಯನ್ನು ಹುಲ್ಲಿನ ಚೀಲದಲ್ಲಿ ಬೆಳೆಯಲು ಬರುವುದಿಲ್ಲ. ಹಾಡಿ ಕಡಿದು ಅಕೇಶಿಯಾ ನೆಟ್ಟ ಜಾಗದಲ್ಲಿ ಹುಡುಕಿ ಅವನನ್ನು ಬೈದರೆ ಅದು ಅವನ ತಪ್ಪಲ್ಲ.

ಹುಡುಕುವುದೆಂದರೆ ಬಗ್ಗುವುದು. ಒಂದು ಕೋಲು, ಒಂದು ಚೀಲ, ತಲೆಗೊಂದು ಗೊರಬೆ ಅಥವಾ ಪ್ಲಾಸ್ಟಿಕ್ಕು. ಕಣ್ಣು ನೆಲದ ಮೇಲೆ, ಇಂಬಳ ಕಾಲಿನ ಮೇಲೆ. ನನ್ನ ಹೊಟ್ಟೆಗೂ ಮೊಣಕಾಲಿಗೂ ನಡುವೆ ಈಚೆಗೆ ಮಾತುಕತೆ ಅಷ್ಟಕ್ಕಷ್ಟೆ, ಹಾಗಾಗಿ ನಾನು ಹಾಡಿಯಲ್ಲಿ ಮೇಲ್ವಿಚಾರಕನ ಹುದ್ದೆ ವಹಿಸಿಕೊಂಡಿದ್ದೇನೆ. ಅಲ್ಲಿದೆ ನೋಡಿ, ಇಲ್ಲಿದೆ ನೋಡಿ ಎನ್ನುವುದು. ಮನೆಯ ಹೆಂಗಸರು ನನ್ನ ಬೆರಳು ತೋರಿದ ದಿಕ್ಕಿಗೆ ಬೆನ್ನು ಮಾಡಿ ಹುಡುಕಿ ಚೀಲ ತುಂಬಿಸಿಕೊಳ್ಳುತ್ತಾರೆ.

ತಂದದ್ದನ್ನು ತೊಳೆಯುವುದು ಇನ್ನೊಂದು ತಪಸ್ಸು. ಒಂದು ನೀರಿಗೆ ಮಣ್ಣು ಬಿಡುತ್ತದೆ, ಎರಡನೆಯದಕ್ಕೆ ಇನ್ನಷ್ಟು ಬಿಡುತ್ತದೆ, ಮೂರನೆಯದಕ್ಕೂ ಪಾತ್ರೆಯ ತಳದಲ್ಲಿ ಹೊಯ್ಗೆ ಕಿರುಗುಡುತ್ತದೆ. ಆಮೇಲೆ ಒಂದೊಂದನ್ನೂ ಎರಡು ಹೋಳು ಮಾಡಬೇಕು. ಕತ್ತಿ ಇಟ್ಟಾಗ ಹೊರಗಿನ ಗಟ್ಟಿ ಸಿಪ್ಪೆ ಸಣ್ಣಗೆ ಟಕ್ಕೆನ್ನುತ್ತದೆ. ಒಳಗೆ ಹಾಲಿನ ಬಿಳುಪಿನ, ಬೆರಳಿಗೆ ತುಸು ಜಿಗುಟು ತಿರುಳು. ಬೆಳ್ಳಗಿದ್ದರೆ ಊಟ. ನೇರಳೆಗೆ ತಿರುಗಿದ್ದರೆ, ಕಪ್ಪಗೆ ಪುಡಿಯಾಗಿದ್ದರೆ, ಬೆಳೆದು ಬೀಜಕಣ ಕಟ್ಟಿದೆ ಎಂದು ಅರ್ಥ, ಹಿತ್ತಿಲಿಗೆ ಎಸೆಯುವುದು. ನಮ್ಮ ಯಾರ ಕಣ್ಣಿಗೂ ಬೀಳದೆ ಉಳಿದ ಕಲ್ಲಣಬೆ ಮಳೆ ಬಲಿತ ಮೇಲೆ ಹೊರಸಿಪ್ಪೆಯನ್ನು ಏಳೆಂಟು ಸೀಳು ಮಾಡಿ ನಕ್ಷತ್ರವಾಗಿ ಅರಳುತ್ತದೆ. ತೇವವಾದರೆ ಬಿಚ್ಚುವುದು, ಒಣಗಿದರೆ ಮುದುಡುವುದು. ಹವಾಮಾನ ಇಲಾಖೆಯ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿರುತ್ತದೆ. ಆದರೆ ನಕ್ಷತ್ರವಾದದ್ದು ಸಾರಿಗೆ ಬರುವುದಿಲ್ಲ.

ಗುಡುಗಿದರೆ ಅಣಬೆ ಏಳುತ್ತದೆ ಎಂದು ನಮ್ಮ ಹಿರಿಯರೆಲ್ಲ ನಂಬಿದ್ದರು. ಮೋಡ ಗುಡುಗಿದಾಗ ನೆಲದ ಒಳಗೆ ಏನೋ ಬೆಚ್ಚಿಬಿದ್ದು ಎದ್ದು ಕೂರುತ್ತದೆ ಎಂಬ ಕಲ್ಪನೆಯೇ ನನಗೆ ಇಷ್ಟ. ಇದು ನಮ್ಮ ಕಡೆಯ ಮೂಢನಂಬಿಕೆ ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ. ನೋಡಿದರೆ ಸುಮಾರು 1900 ವರ್ಷಗಳ ಹಿಂದೆ ಗ್ರೀಕ್ ಲೇಖಕ ಪ್ಲುಟಾರ್ಕ್ ತನ್ನ ಔತಣಕೂಟದ ಹರಟೆಗಳಲ್ಲಿ ಇದೇ ವಿಷಯ ಎತ್ತಿಕೊಂಡು, ಗುಡುಗಿಗೂ ನೆಲದಣಬೆಗೂ ಏನು ಸಂಬಂಧ ಎಂದು ಊಟದ ನಡುವೆ ಚರ್ಚೆ ಮಾಡಿಸಿದ್ದಾನೆ. ಜಪಾನಿನ ಇವಾತೆ ವಿಶ್ವವಿದ್ಯಾಲಯದವರು ಚರ್ಚೆಗೆ ನಿಲ್ಲದೆ, ಅಣಬೆ ಬೆಳೆಯುವ ಮರದ ದಿಮ್ಮಿಗಳಿಗೆ ಕೃತಕ ಸಿಡಿಲು ಹೊಡೆಸಿಯೇ ಬಿಟ್ಟರು. ಕೆಲವು ಜಾತಿಗಳಲ್ಲಿ ಇಳುವರಿ ಹೆಚ್ಚಿತಂತೆ. ಗುಡುಗಿನ ಜೊತೆ ಮಳೆಯೂ ಬರುತ್ತದಲ್ಲ, ಅದರದ್ದೇ ಹೆಚ್ಚಿನ ಕೈವಾಡ ಎನ್ನುವ ವಿವೇಕಿಗಳೂ ಇದ್ದಾರೆ. ಅವರನ್ನು ಊಟಕ್ಕೆ ಕರೆಯಬಾರದು.

ಕಲ್ಲಣಬೆ ಮುಗಿಯುವ ಹೊತ್ತಿಗೆ ಹುತ್ತದ ಅಣಬೆಯ ಸರದಿ. ಆರಿದ್ರಾ, ಪುನರ್ವಸು ಮಳೆಗೆ ಗೆದ್ದಲಿನ ಹುತ್ತದ ಆಸುಪಾಸಿನಲ್ಲಿ ರಾತ್ರಿ ಬೆಳಗಾಗುವುದರೊಳಗೆ ಎದ್ದು ನಿಂತಿರುತ್ತವೆ. ಇವು ನಿಜವಾಗಿ ಗೆದ್ದಲಿನ ತೋಟದ ಫಸಲು. ಗೆದ್ದಲು ತಿಂದ ಸೊಪ್ಪುಸದೆಯನ್ನು ನೆಲದೊಳಗೆ ಹದ ಮಾಡಿ, ಅದರ ಮೇಲೆ ಈ ಅಣಬೆಯ ಎಳೆಗಳನ್ನು ಸಾಕಿ, ಅದನ್ನೇ ಉಣ್ಣುತ್ತದೆ. ಮನುಷ್ಯ ಬೇಸಾಯ ಕಲಿತು ಹತ್ತು ಹನ್ನೆರಡು ಸಾವಿರ ವರ್ಷ. ಗೆದ್ದಲು ಈ ಕೃಷಿಗೆ ಇಳಿದು ಸುಮಾರು 3 ಕೋಟಿ ವರ್ಷ. ಅಣಬೆಯ ಕಾಲನ್ನು ನಿಧಾನವಾಗಿ ಎಳೆದರೆ ಅದು ಬೇರಿನ ವೇಷ ಹಾಕಿ ಮೊಳಗಟ್ಟಲೆ ಕೆಳಗಿಳಿದು ಆ ತೋಟವನ್ನೇ ಮುಟ್ಟುತ್ತದೆ. ಮನೆಯ ಬಾಗಿಲ ಚೌಕಟ್ಟನ್ನು ತಿಂದ ಗೆದ್ದಲಿನ ಮೇಲೆ ನನಗಿರುವ ಸಿಟ್ಟು ಈ ಸಾರು ಉಣ್ಣುವಾಗ ಅರ್ಧಕ್ಕೆ ಇಳಿಯುತ್ತದೆ. ಅದು ಮರ ತಿಂದಿದೆ, ನಾವು ಅದರ ತರಕಾರಿ ತಿನ್ನುತ್ತಿದ್ದೇವೆ.

ಇಷ್ಟು ಹೇಳಿದ ಮೇಲೆ ವಿಟಮಿನ್ನಿಗರ ಪಟ್ಟಿಯನ್ನೂ ಒಂದು ಸಲ ಮರ್ಯಾದೆಯಿಂದ ನೋಡಬೇಕು. ಅವರು ಲೆಕ್ಕ ಹಾಕುವುದು ಸಾಮಾನ್ಯವಾಗಿ ಅಂಗಡಿಯ ಬಿಳಿ ಗುಂಡಿ ಅಣಬೆಯದ್ದು. ನೂರು ಗ್ರಾಂ ಹಸಿ ಅಣಬೆಯಲ್ಲಿ ಸುಮಾರು 92 ಗ್ರಾಂ ನೀರು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಕೂತು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಷ್ಟು ನೀರನ್ನು ದುಡ್ಡು ಕೊಟ್ಟು ಕೊಳ್ಳುವುದು ಧೈರ್ಯದ ಕೆಲಸ. ಉಳಿದ ಎಂಟು ಗ್ರಾಮಿನಲ್ಲಿ ಮೂರು ಗ್ರಾಂ ಪ್ರೋಟೀನು, ಅಷ್ಟೇ ಸಕ್ಕರೆ ನಾರು, ಕೊಬ್ಬು ಹೆಸರಿಗೆ ಮಾತ್ರ. ಒಟ್ಟು ಶಕ್ತಿ 22 ಕ್ಯಾಲೊರಿ. ಅದನ್ನು ತರಲು ಅಂಗಡಿಗೆ ನಡೆದು ಹೋಗಿ ಬಂದರೆ ಲೆಕ್ಕ ಚುಕ್ತಾ. ಪ್ರೋಟೀನ್ ಪುರಾಣ ಓದುವವರು ಅಷ್ಟೇ ತೂಕದ ಬಂಗುಡೆಯಲ್ಲಿ ಇದರ ಆರು ಪಟ್ಟು ಇದೆ ಎಂಬುದನ್ನು ಮರೆಯುತ್ತಾರೆ. ಅಣಬೆ ಮಾಂಸಕ್ಕೆ ಸಮ ಎಂಬ ಮಾತು ಒಣಗಿಸಿ ತೂಗಿದಾಗ ಮಾತ್ರ ಸರಿ, ಮತ್ತು ಒಣಗಿಸಿ ತೂಗಿ ಯಾರೂ ಉಣ್ಣುವುದಿಲ್ಲ.

ಹಾಗೆಂದು ಪಟ್ಟಿ ಸುಳ್ಳಲ್ಲ. ಪೊಟ್ಯಾಸಿಯಂ ನೂರು ಗ್ರಾಮಿಗೆ 300 ಮಿಲಿಗ್ರಾಮಿಗೂ ಮೇಲಿದೆ, ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ರಕ್ತದೊತ್ತಡದವರಿಗೆ ಒಳ್ಳೆಯದೇ, ನಾವು ಉಪ್ಪಿನಕಾಯಿ ಬದಿಗಿಟ್ಟು ಉಂಡರೆ. ಬಿ ಗುಂಪಿನ ರೈಬೋಫ್ಲೇವಿನ್, ನಯಾಸಿನ್ ಧಾರಾಳ. ಸೆಲೆನಿಯಂ, ತಾಮ್ರ ಕೂಡ ಇವೆ. ಇನ್ನು ವಿಟಮಿನ್ ಡಿಯದ್ದು ಒಂದು ತಮಾಷೆ. ಅಣಬೆಯ ಮೈಯಲ್ಲಿ ಎರ್ಗೊಸ್ಟೆರಾಲ್ ಎಂಬ ವಸ್ತುವಿದೆ. ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಅದು ವಿಟಮಿನ್ ಡಿ ಆಗುತ್ತದೆ. ಹೋಳು ಮಾಡಿ ನಡುಹಗಲ ಬಿಸಿಲಿಗೆ ಸ್ವಲ್ಪ ಹೊತ್ತು ಇಟ್ಟರೆ ಸಾಕು ಎನ್ನುತ್ತಾರೆ. ಸರಿ, ಇಡೋಣ. ಜುಲೈ ತಿಂಗಳ ತ್ರಾಸಿಯಲ್ಲಿ ನಡುಹಗಲ ಬಿಸಿಲು ಎಲ್ಲಿ ಸಿಗುತ್ತದೆ ಎಂದು ಅವರೇ ಹೇಳಬೇಕು. ಯಾಂತ್ರಿಕ ದೋಣಿಗೂ ಸೂರ್ಯನಿಗೂ ನಮ್ಮಲ್ಲಿ ಒಟ್ಟಿಗೇ ರಜೆ.

ಕೊಬ್ಬು ಕರಗುವ ಮಾತಿಗೂ ಒಂದು ಎಳೆ ನಿಜವಿದೆ. ಅಕಿರಾ ಎಂಡೊ ಎಂಬ ಜಪಾನಿನ ವಿಜ್ಞಾನಿಗೆ ಹುಡುಗನಾಗಿದ್ದಾಗಿಂದ ಅಣಬೆ, ಬೂಷ್ಟುಗಳ ಹುಚ್ಚು. ಅವರು ಆರು ಸಾವಿರಕ್ಕೂ ಹೆಚ್ಚು ಶಿಲೀಂಧ್ರಗಳನ್ನು ಒಂದೊಂದಾಗಿ ಪರೀಕ್ಷಿಸಿ, 1973ರಲ್ಲಿ ಒಂದು ನೀಲಿಹಸಿರು ಬೂಷ್ಟಿನಲ್ಲಿ ಕೊಲೆಸ್ಟರಾಲ್ ತಗ್ಗಿಸುವ ವಸ್ತು ಕಂಡುಹಿಡಿದರು. ಇಂದು ನಮ್ಮ ವಯಸ್ಸಿನವರು ರಾತ್ರಿ ಊಟದ ಮೇಲೆ ನುಂಗುವ ಸ್ಟಾಟಿನ್ ಮಾತ್ರೆಗಳ ವಂಶ ಅಲ್ಲಿಂದ ಶುರು. ಅದೇ ವಂಶದ ಲೊವಾಸ್ಟಾಟಿನ್ ಚಿಪ್ಪಣಬೆಯಲ್ಲಿ ತಾನಾಗಿಯೇ ಇದೆ. ಇದನ್ನು ಓದಿ ಮಾತ್ರೆ ಬಿಟ್ಟು ಅಣಬೆ ಹಿಡಿಯಬೇಡಿ. ಅಣಬೆಯಲ್ಲಿ ಎಷ್ಟಿದೆ ಎಂಬುದು ಒಂದು ಚೀಲದಿಂದ ಇನ್ನೊಂದು ಚೀಲಕ್ಕೆ ಬದಲಾಗುತ್ತದೆ. ಮಾತ್ರೆಯೂ ನುಂಗಿ, ಅಣಬೆಯೂ ತಿನ್ನಿ. ನಾನು ಮಾಡುವುದು ಹಾಗೆ.

ಇನ್ನೊಂದು ವಸ್ತು ನನ್ನ ತಲೆಯಲ್ಲಿ ಬಹಳ ದಿನದಿಂದ ಸುತ್ತುತ್ತಿದೆ. ಎರ್ಗೊಥಯೊನೀನ್ ಅಂತ. 1909ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಟಾನ್ರೆ ಎಂಬವರು ಧಾನ್ಯದ ತೆನೆಗೆ ಅಂಟುವ ಎರ್ಗಟ್ ರೋಗದ ಶಿಲೀಂಧ್ರದಲ್ಲಿ ಇದನ್ನು ಕಂಡರು. ಪ್ರಾಣಿಗಳಿಗಾಗಲಿ ಗಿಡಗಳಿಗಾಗಲಿ ಇದನ್ನು ತಯಾರಿಸಲು ಬರುವುದಿಲ್ಲ. ಶಿಲೀಂಧ್ರ ಮತ್ತು ಕೆಲವು ಬ್ಯಾಕ್ಟೀರಿಯಾಗಳಿಗೆ ಮಾತ್ರ ಬರುತ್ತದೆ. ನಮ್ಮ ಊಟದಲ್ಲಿ ಇದು ಹೇರಳವಾಗಿ ಸಿಗುವುದು ಅಣಬೆಯಿಂದ, ಬೇಯಿಸಿದರೂ ಹೆಚ್ಚು ಹಾಳಾಗುವುದಿಲ್ಲ. ವಿಚಿತ್ರವೆಂದರೆ ನಮ್ಮ ದೇಹದಲ್ಲಿ ಇದನ್ನು ಹುಡುಕಿ ಹಿಡಿದು ಜೀವಕೋಶದೊಳಗೆ ಒಯ್ಯುವುದಕ್ಕೇ ಒಂದು ವಾಹಕ ಪ್ರೋಟೀನು ಇದೆ ಎಂದು 2005ರಲ್ಲಿ ಗೊತ್ತಾಯಿತು. ಅಂದರೆ ನಮ್ಮ ಮೈ ಅಣಬೆಗಾಗಿ ಒಂದು ಬಾಗಿಲನ್ನು ತೆರೆದೇ ಇಟ್ಟಿದೆ. ಜೀವಕೋಶಗಳು ತುಕ್ಕು ಹಿಡಿಯದಂತೆ ಇದು ಕಾಯುತ್ತದೆ ಎಂಬುದರ ಮೇಲೆ ಸಂಶೋಧನೆ ಇನ್ನೂ ನಡೆದಿದೆ. ನಡೆಯಲಿ. ಬಾಗಿಲು ಇದೆ ಎಂಬ ಸುದ್ದಿಯೇ ನನಗೆ ಸಾಕಷ್ಟು ಪುಷ್ಟಿ ಕೊಟ್ಟಿದೆ.

ಬಾಗಿಲ ಮಾತು ಬಂದಾಗ, ಅಣಬೆಗೆ ಬಾಗಿಲು ಹಾಕಿದ ಅಡುಗೆಮನೆಗಳೂ ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ಮನುಸ್ಮೃತಿ ಬೆಳ್ಳುಳ್ಳಿ ಈರುಳ್ಳಿಗಳ ಸಾಲಿನಲ್ಲೇ ಅಣಬೆಯನ್ನೂ ನಿಲ್ಲಿಸಿ ದ್ವಿಜರಿಗೆ ಬೇಡವೆಂದಿತು. ಸುಶ್ರುತ ಸಂಹಿತೆ ವೈದ್ಯರದ್ದಾದ್ದರಿಂದ ಅಷ್ಟು ಕಟ್ಟುನಿಟ್ಟಿಲ್ಲ. ಹುಲ್ಲು, ಕಬ್ಬು, ಸೆಗಣಿ, ಬಿದಿರು, ನೆಲ ಎಂದು ಹುಟ್ಟಿದ ಜಾಗ ಕೇಳಿ ಗುಣ ಹೇಳುತ್ತದೆ, ಹುಲ್ಲಿನಲ್ಲಿ ಹುಟ್ಟಿದ್ದಕ್ಕೆ ಒಳ್ಳೆಯ ಮಾತನ್ನೂ ಆಡುತ್ತದೆ. ಅಣಬೆ ಸಸ್ಯಾಹಾರವೋ ಮಾಂಸಾಹಾರವೋ ಎಂಬ ಪ್ರಶ್ನೆಯನ್ನು ನಮ್ಮ ಬೀಗರೊಬ್ಬರು ಪ್ರತಿ ಮಳೆಗಾಲವೂ ಎತ್ತುತ್ತಾರೆ. ಜೀವಶಾಸ್ತ್ರ ಕೇಳಿದರೆ ಎರಡೂ ಅಲ್ಲ ಎನ್ನುತ್ತದೆ, ಆದರೆ ಒಂಚೂರು ಮಾಂಸಾಹಾರದ ಕಡೆಗೇ ವಾಲುತ್ತದೆ: ವಂಶವೃಕ್ಷದಲ್ಲಿ ಶಿಲೀಂಧ್ರಗಳು ಗಿಡಗಳಿಗಿಂತ ಪ್ರಾಣಿಗಳಿಗೆ ಹತ್ತಿರ. ಪಿಷ್ಟ ಕೂಡಿಡುವ ಬದಲು ನಮ್ಮ ಯಕೃತ್ತಿನ ಪದ್ಧತಿಯಂತೆ ಗ್ಲೈಕೊಜನ್ ಕೂಡಿಡುತ್ತವೆ. ಅವುಗಳ ಮೈಗೋಡೆ ಕೈಟಿನ್ ಎಂಬ ವಸ್ತುವಿನದು, ಗಂಗೊಳ್ಳಿಯ ಸೀಗಡಿ ಏಡಿಗಳ ಚಿಪ್ಪಿನಲ್ಲಿರುವುದೂ ಅದೇ. ಎಷ್ಟು ಬೇಯಿಸಿದರೂ ಅಣಬೆ ಕರಗಿ ಪಾಯಸವಾಗದೆ ಹಲ್ಲಿಗೆ ಸಿಗುವುದು ಆ ಕೈಟಿನ್ನಿನ ಕೃಪೆ. ಮೀನಿಲ್ಲದ ತಿಂಗಳಲ್ಲಿ ಕಡಲು ಗುಡ್ಡದ ಮೂಲಕ ಸಣ್ಣದೊಂದು ಚೀಟಿ ಕಳಿಸಿತು ಎಂದು ನಾನು ಬೀಗರಿಗೆ ಹೇಳಿದೆ. ಅವರು ಚೀಟಿ ಓದಲು ಇನ್ನೊಂದು ಸೌಟು ಬಡಿಸಿಕೊಂಡರು.

ಕಲ್ಲಣಬೆಗೆ ನಮ್ಮಲ್ಲಿ ಸುಕ್ಕವೇ ಸರಿ. ಒಣಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ ಹುರಿದು, ಬೆಳ್ಳುಳ್ಳಿಯ ಜೊತೆ ತೆಂಗಿನಕಾಯಿಗೆ ಸೇರಿಸಿ ತರಿತರಿ ಅರೆದದ್ದು, ಒಂದಿಷ್ಟು ಹುಣಿಸೆಹುಳಿ, ಮೇಲೊಂದು ತೆಂಗಿನೆಣ್ಣೆಯ ಒಗ್ಗರಣೆ. ಕುಚ್ಚಲಕ್ಕಿ ಗಂಜಿಯ ಬಿಸಿ ಆವಿಯಲ್ಲಿ ಒಂದು ಹೋಳು ಬಾಯಿಗಿಟ್ಟು ಅಗಿದರೆ ಮೊದಲು ಸಿಪ್ಪೆ ಕಟಕ್ಕೆನ್ನುತ್ತದೆ, ಹಿಂದೆಯೇ ತಿರುಳು ಮೆತ್ತಗೆ ಬಿಟ್ಟುಕೊಡುತ್ತದೆ, ಕೊನೆಗೆ ನಾಲಗೆಯ ಮೇಲೆ ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆ ಉಳಿಯುತ್ತದೆ. ಹೋಟೆಲುಗಳಲ್ಲಿ ಈಗ ಅಣಬೆ ಘೀ ರೋಸ್ಟ್ ಕೂಡ ಸಿಗುತ್ತದೆ. ಘೀ ರೋಸ್ಟ್ ನಮ್ಮ ಕುಂದಾಪುರದ ಕೋಳಿಯಿಂದ ಹುಟ್ಟಿ ಊರೂರು ಸುತ್ತಿದ ಖ್ಯಾತಿ. ಅದನ್ನು ಅಣಬೆಗೆ ಹೊದಿಸಿದರೆ ರುಚಿಗೇನೂ ಕೊರತೆಯಿಲ್ಲ. ಕೊಬ್ಬಿಲ್ಲದ, 22 ಕ್ಯಾಲೊರಿಯ ಆ ಸಾತ್ವಿಕ ಜೀವಿ ತುಪ್ಪದಲ್ಲಿ ಮುಳುಗಿ ಕೆಂಪಗೆ ಹೊಳೆಯುವುದನ್ನು ಕಂಡಾಗ ಮಾತ್ರ ಆರೋಗ್ಯದ ಪಟ್ಟಿ ಮಾಡಿದವರು ನೆನಪಾಗಿ ಅಯ್ಯೋ ಪಾಪ ಎನಿಸುತ್ತದೆ.

ಮಂಗಳೂರು ವಿಶ್ವವಿದ್ಯಾಲಯದ ಕೆ. ಆರ್. ಶ್ರೀಧರ್ ಮತ್ತು ಅವರ ವಿದ್ಯಾರ್ಥಿಗಳು ಕರಾವಳಿಯ ಈ ಕಾಡಣಬೆಗಳ ಬೆನ್ನು ಹತ್ತಿ, ಎಲ್ಲಿ ಯಾವುದು ಏಳುತ್ತದೆ, ಯಾವುದರಲ್ಲಿ ಏನಿದೆ ಎಂದು ದಾಖಲಿಸಿದ್ದಾರೆ. ಹಾಡಿ ಹತ್ತಲಾರದವರಿಗೆ ಚಿಪ್ಪಣಬೆಯ ದಾರಿ ಇದ್ದೇ ಇದೆ: ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಣಬೆ ಬೀಜ ಕೊಡುತ್ತದೆ, ಕೃಷಿಯ ಪ್ರಶ್ನೆ ಕೇಳಲು ಬ್ರಹ್ಮಾವರದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಬೈಹುಲ್ಲು ನಮ್ಮಲ್ಲೇ ಇದೆ. ಹುಲ್ಲನ್ನು ಬಿಸಿನೀರಿನಲ್ಲಿ ಹದ ಮಾಡಿ ಚೀಲಕ್ಕೆ ತುಂಬಿ, ನಡುನಡುವೆ ಬೀಜ ಹಾಕಿ ಕತ್ತಲಲ್ಲಿ ತೂಗುಹಾಕಿದರೆ ತಿಂಗಳೊಳಗೆ ಪದರ ಪದರವಾಗಿ ಹೊರಡುತ್ತದೆ. ಸುಶ್ರುತರೂ ಒಪ್ಪುವ ಹುಲ್ಲಿನ ಅಣಬೆ. ಸಭ್ಯ ರುಚಿ. ಗುಡುಗನ್ನು ಕೇಳದೆ ಬೆಳೆದದ್ದು ಎಂಬುದು ತಿನ್ನುವಾಗ ಗೊತ್ತಾಗುತ್ತದೆ, ಅಷ್ಟೆ.

ವಿಷದ ಮಾತನ್ನು ಹಾರಿಸಿ ಬರೆದರೆ ಅನ್ಯಾಯ. ಅಣಬೆ ಅರಸರನ್ನೂ ಬಿಟ್ಟಿಲ್ಲ. 1740ರಲ್ಲಿ ಆಸ್ಟ್ರಿಯಾದ ಆರನೆಯ ಚಾರ್ಲ್ಸ್ ಚಕ್ರವರ್ತಿ ಒಂದು ತಟ್ಟೆ ಅಣಬೆ ಉಂಡ ಮೇಲೆ ಕಾಯಿಲೆ ಬಿದ್ದು ಸತ್ತನೆಂದು ಹೇಳುತ್ತಾರೆ. ಉತ್ತರಾಧಿಕಾರಕ್ಕಾಗಿ ಯುರೋಪಿನಲ್ಲಿ ಎಂಟು ವರ್ಷ ಯುದ್ಧ ನಡೆಯಿತು. ಬೆಳ್ಳಿ ನಾಣ್ಯ ಹಾಕಿ ಕುದಿಸುವುದು, ಬೆಳ್ಳುಳ್ಳಿ ಹಾಕಿ ಬಣ್ಣ ನೋಡುವುದು, ಹುಳ ತಿಂದಿದ್ದರೆ ನಾವೂ ತಿನ್ನಬಹುದು ಎನ್ನುವುದು, ಇವೆಲ್ಲ ಅಜ್ಜಿಕತೆಗಳು. ಕೊಲ್ಲುವ ಅಣಬೆಗಳ ವಿಷ ಕುದಿಸಿದರೂ ಹೋಗುವುದಿಲ್ಲ. ಉಂಡು ಆರೇಳು ಗಂಟೆಯಾದ ಮೇಲೆ ವಾಂತಿ ಭೇದಿ ಶುರುವಾದರೆ ಅದು ಯಕೃತ್ತಿಗೆ ಕೈ ಹಾಕಿದೆ ಎಂದೇ ತಿಳಿದು ಆಸ್ಪತ್ರೆಗೆ ಓಡಬೇಕು. ಫೋಟೊ ಹಿಡಿದು ಹೆಸರು ಹೇಳುವ ಆ್ಯಪುಗಳನ್ನು ನಂಬಿ ತೋಟದ ಬಿಳಿ ಕೊಡೆ ಕಿತ್ತು ಸಾರು ಮಾಡಬೇಡಿ. ಯಾವ ಮರದಡಿ, ಯಾವ ಮಳೆಗೆ, ಯಾವ ಹುತ್ತದ ಪಕ್ಕ ಎಂದು ಬಾಲ್ಯದಿಂದ ನೋಡಿ ಬಲ್ಲವರು ನಮ್ಮ ಹಾಡಿಗಳ ಅಂಚಿನಲ್ಲಿ ಇನ್ನೂ ಇದ್ದಾರೆ, ಹೆಚ್ಚಿನವರು ಹೆಂಗಸರು. ಅವರಿಗೆ ಗೊತ್ತಿಲ್ಲದ ಅಣಬೆಯನ್ನು ಅವರು ಮುಟ್ಟುವುದೇ ಇಲ್ಲ.

ಹಾಗಾಗಿ ಅಣಬೆಯ ಆರೋಗ್ಯ ಬೇಕೆಂದು ನಿಜವಾಗಿ ಅನಿಸಿದರೆ ಜೂನ್ ಮೊದಲೆರಡು ವಾರ ಈ ಕಡೆ ಬನ್ನಿ. ರಸ್ತೆಯಂಚಿನಲ್ಲೋ ಸಂತೆಯಲ್ಲೋ ಬುಟ್ಟಿಯಿಟ್ಟು, ಸೇರಿನಲ್ಲಿ ಅಳೆದು ಮಾರುವವರು ಕಂಡರೆ ಗಾಡಿ ನಿಲ್ಲಿಸಿ. ಒಂದೆರಡನ್ನು ಸೀಳಿ ತೋರಿಸಲು ಹೇಳಿ. ಬೆಳ್ಳಗಿದ್ದರೆ ಕೊಳ್ಳಿ, ಕಪ್ಪಗಿದ್ದರೆ ಬಿಡಿ. ಕ್ರಯ ಕೋಳಿಗಿಂತ ಹೆಚ್ಚಾಯಿತಲ್ಲ ಎಂದು ಚೌಕಾಸಿ ಮಾತ್ರ ಮಾಡಬೇಡಿ. ಕೋಳಿಯನ್ನು ಯಾರೂ ಇಂಬಳದ ನಡುವೆ ಸೊಂಟ ಬಗ್ಗಿಸಿ ಒಂದೊಂದಾಗಿ ಹೆಕ್ಕಿ ತರುವುದಿಲ್ಲ. ಜುಲೈಯಲ್ಲಿ ಬಂದು ಕಲ್ಲಣಬೆ ಕೇಳಿದರೆ ಸಿಗುವುದಿಲ್ಲ.